ಎಲ್ಲ ವೆಬ್‌ಸೈಟಿಗೂ ಒಂದೇ ಲಾಗಿನ್: ಬೇಕೆ, ಬೇಡವೆ?

ಪರ: ಕೀಲಿ ಮಾಲೀಕರ ಕೈಗೆ ಬರಲಿ

ಬೇಲೂರು, ಅರಕಲಗೂಡು, ಮೂಡಿಗೆರೆಯ ಬಸ್ ಸ್ಟ್ಯಾಂಡ್ ಪಕ್ಕದ ಎಷ್ಟೋ ಸೈಬರ್‌ಗಳಲ್ಲಿ ಕೌಂಟರ್ ಕೆಳಗೊಂದು ರಟ್ಟಿನ ನೋಟ್‌ಬುಕ್ ಇರುತ್ತದೆ. ಎಡಗಡೆ ಹೆಸರು, ಊರು. ನಡುವೆ ಮೊಬೈಲ್ ನಂಬರ್. ಬಲಗಡೆ ಯೂಸರ್ ಐಡಿ, ಪಾಸ್‌ವರ್ಡ್. ಮಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಬೇರೆ ಸರ್ಕಾರಿ ಸೇವೆಗಳಿಗೆ ಸೇವಾಸಿಂಧು, ಆಸ್ತಿ ನೋಂದಣಿಗೆ ಕಾವೇರಿ, ತೋಟದ ಕೆಲಸ ಬಿಟ್ಟು ಕಾರ್ಖಾನೆಗೆ ಸೇರಿದವರ ಪಿಎಫ್, ರೈಲ್ವೆ ಟಿಕೆಟ್ಟು: ಒಂದೇ ಮನೆಯವರದು ಐದಾರು ಸಾಲು. ಪಾಸ್‌ವರ್ಡ್‌ಗಳೆಲ್ಲ ಒಂದೇ ಅಚ್ಚಿನವು. ಹೆಸರು, ಆಮೇಲೆ ಅಟ್ ಚಿಹ್ನೆ, ಆಮೇಲೆ 123. ಹೊಸ ಇಮೇಲ್ ಮಾಡುವಾಗ ಅವಸರಕ್ಕೆ ಸೈಬರ್‌ನವರು ತಮ್ಮದೇ ನಂಬರ್ ಕೊಟ್ಟಿರುವುದೂ ಉಂಟು. ಮುಂದೆ ಪಾಸ್‌ವರ್ಡ್ ಮರೆತರೆ ಓಟಿಪಿ ಹೋಗುವುದು ಅವರಿಗೇ.

ಒಂದೇ ಲಾಗಿನ್, ಎಂದರೆ ಒಂದು ಖಾತೆಯಿಂದಲೇ ಎಲ್ಲ ಸೈಟಿಗೂ ಪ್ರವೇಶ, ಅಪಾಯ ಎನ್ನುವವರು ಈ ನೋಟ್‌ಬುಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನೂರಾರು ಜನರ ಖಾತೆಗಳಿಗೆ ಅದೇ ಒಂದು ಲಾಗಿನ್ ಆಗಿ ಕೂತಿದೆ, ಖಾತೆ ಯಾರದೋ ಅವರ ಕೈಯಲ್ಲಿ ಮಾತ್ರ ಅದು ಇಲ್ಲ.

ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದನ್ನೂ ಒಂದೇ ಲಾಗಿನ್ ಇರುವುದನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಎರಡೂ ತದ್ವಿರುದ್ಧ. ಹತ್ತು ಸೈಟಿಗೆ ಒಂದೇ ಪಾಸ್‌ವರ್ಡ್ ಕೊಟ್ಟರೆ ಹತ್ತು ಕಂಪನಿಗಳ ಕಂಪ್ಯೂಟರಿನಲ್ಲಿ ಅದರ ಗುರುತು ಕೂರುತ್ತದೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೊರಬಿದ್ದವು. ಅವನ್ನು ಗೂಢಲಿಪಿಗೂ ತಿರುಗಿಸದೆ, ಬರೆದದ್ದನ್ನು ಬರೆದಂತೆಯೇ ಇಟ್ಟಿದ್ದರು. ಹೀಗೆ ಸಿಕ್ಕ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ಕಳ್ಳರು ಉಳಿದ ಸೈಟುಗಳಲ್ಲಿ ಯಂತ್ರದಿಂದ ಒಂದೇ ಸಮ ಹಾಕಿ ನೋಡುತ್ತಾರೆ. ಅತಿ ದುರ್ಬಲ ಸೈಟ್ ಒಡೆದರೆ ಗಟ್ಟಿ ಸೈಟಿನ ಬಾಗಿಲೂ ತೆರೆಯುತ್ತದೆ.

ಒಂದೇ ಲಾಗಿನ್‌ನಲ್ಲಿ ಪಾಸ್‌ವರ್ಡ್ ಆ ಸೈಟಿಗೆ ಹೋಗುವುದೇ ಇಲ್ಲ. ‘ಗೂಗಲ್‌ನಿಂದ ಲಾಗಿನ್’ ಎಂಬಂಥ ಬಟನ್ ಒತ್ತಿದಾಗ ನೀವು ಗುರುತು ಹಿಡಿಯುವ ಸಂಸ್ಥೆಯ ಪುಟಕ್ಕೆ ಹೋಗುತ್ತೀರಿ. ಅದು ಪರೀಕ್ಷಿಸಿ, ಸಹಿ ಹಾಕಿದ ಚೀಟಿಯಂಥ ಟೋಕನ್ ಒಂದನ್ನು ಕೊಟ್ಟು ವಾಪಸ್ ಕಳಿಸುತ್ತದೆ. ಸೈಟಿಗೆ ಸಿಗುವುದು ಆ ಟೋಕನ್ ಅಷ್ಟೆ. 2005ರ ಓಪನ್‌ಐಡಿಯಿಂದ 2014ರ ಓಪನ್‌ಐಡಿ ಕನೆಕ್ಟ್ ಎಂಬ ತಾಂತ್ರಿಕ ಕ್ರಮದವರೆಗೆ ಈ ವಿಧಾನ ಹದಗೊಂಡಿದೆ. ನಮ್ಮಲ್ಲೂ 2022ರಿಂದ ಕೇಂದ್ರ ಸರ್ಕಾರದ ಮೇರಿ ಪೆಹಚಾನ್ ಎಂಬ ವ್ಯವಸ್ಥೆ ಇದೆ. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಮೂರರಲ್ಲಿ ಯಾವುದೋ ಒಂದು ಖಾತೆಯಿಂದ ಹಲವು ಸರ್ಕಾರಿ ತಾಣಗಳಿಗೆ ಪ್ರವೇಶ ಸಿಗುತ್ತದೆ. ಇದನ್ನು ಎಲ್ಲ ಕಡೆಗೂ ವಿಸ್ತರಿಸಿ ಎಂಬುದೇ ನನ್ನ ಒತ್ತಾಯ.

ಮಾಡುವ ಕ್ರಮ ಮುಖ್ಯ. ಖಾತೆಗೆ ಕೊಡುವ ನಂಬರ್ ಖಾತೆದಾರರ ಸ್ವಂತದ್ದೇ ಆಗಿರಬೇಕು, ಬೆಂಗಳೂರಿನಲ್ಲಿರುವ ಮಗನದ್ದೂ ಆಗಬಾರದು. ಡಿಜಿಲಾಕರಿನ ಆರಂಕಿಯ ಪಿನ್ನನ್ನು ಅಮ್ಮನೇ ಒತ್ತಲಿ, ಸೈಬರ್ ಹುಡುಗ ಆಗ ಪರದೆಯಿಂದ ಮುಖ ತಿರುಗಿಸಲಿ. ಗೂಗಲ್ ಖಾತೆಯಾದರೆ ಎರಡು ಹಂತದ ಪರಿಶೀಲನೆ ಹಾಕಿ, ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಬ್ಯಾಕಪ್ ಕೋಡ್ ತೆಗೆಯಿರಿ. ಎಂಟಂಕಿಯ ಹತ್ತು ಕೋಡ್ ಬರುತ್ತವೆ, ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಪ್ರಿಂಟ್ ತೆಗೆದು ಪಹಣಿ, ಪಟ್ಟೆ ಇಡುವ ಫೈಲಿನಲ್ಲೇ ಇಡಿ. ಹೊಸದಾಗಿ ಕೋಡ್ ತೆಗೆದರೆ ಹಳೆಯ ಹತ್ತೂ ಕೆಲಸಕ್ಕೆ ಬಾರವು, ಹಳೆಯ ಕಾಗದ ಹರಿದುಹಾಕಿ.

ಸೈಬರ್‌ನ ಕಂಪ್ಯೂಟರಿನಲ್ಲಾದರೆ ಮುಚ್ಚಿದ ಮೇಲೆ ಲಾಗಿನ್ ಉಳಿಯದ ಇನ್‌ಕಾಗ್ನಿಟೊ ಕಿಟಕಿಯಲ್ಲೇ ತೆರೆಯಿಸಿ. ಪಾಸ್‌ವರ್ಡ್ ಸೇವ್ ಮಾಡಲೇ ಎಂದು ಬ್ರೌಸರ್ ಕೇಳುವಾಗ ಕೈತಪ್ಪಿ ಹೂಂ ಎಂದುಬಿಟ್ಟರೆ ಅದು ಅಂಗಡಿಯವರ ಖಾತೆಗೆ ಸೇರಿಕೊಳ್ಳುತ್ತದೆ. ಹಾಗಾಗಿದೆ ಎಂಬ ಅನುಮಾನ ಬಂದರೆ ಮನೆಗೆ ಬಂದ ಕೂಡಲೇ ಪಾಸ್‌ವರ್ಡ್ ಬದಲಾಯಿಸಿ, ಗೂಗಲ್‌ನ ಸೆಕ್ಯುರಿಟಿ ಪುಟದಲ್ಲಿರುವ ಸಾಧನಗಳ ಪಟ್ಟಿಯಿಂದ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ. ಹತ್ತು ಬೇರೆ ಬೇರೆ ಖಾತೆಯಿದ್ದರೆ ಈ ಕೆಲಸವನ್ನು ಹತ್ತು ಸಲ ಮಾಡಬೇಕು, ಯಾರೂ ಮಾಡುವುದಿಲ್ಲ.

ಸ್ಮಾರ್ಟ್‌ಫೋನ್ ಇದ್ದವರಿಗೆ ಪಾಸ್‌ಕೀ, ಎಂದರೆ ಪಾಸ್‌ವರ್ಡ್ ಬದಲಿಗೆ ಫೋನಿನಲ್ಲೇ ಇರುವ ಕೀಲಿ, ಇನ್ನೂ ಒಳ್ಳೆಯದು. ಬೆರಳು ಒತ್ತಿದರೆ ಸಾಕು. ಗುಟ್ಟಿನ ಕೀಲಿ ಸೈಟಿಗೆ ಹೋಗುವುದಿಲ್ಲ. ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟದಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ವಿಳಾಸ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಒಂದು ಕೀಲಿ ಕಳೆದರೆ ಎಲ್ಲವೂ ಹೋಯಿತಲ್ಲ ಎಂದು ಕೇಳುತ್ತಾರೆ. ಹಾಗೆಂದು ಮನೆಗೆ ಹತ್ತು ಬಾಗಿಲಿಟ್ಟು ಹತ್ತನ್ನೂ ದಾರ ಕಟ್ಟಿ ಮುಚ್ಚಬೇಕೆ? ಒಂದೇ ಬಾಗಿಲಿಟ್ಟು ಅದಕ್ಕೆ ಗಟ್ಟಿ ಬೀಗ ಹಾಕುವುದು ನಮ್ಮ ಜನರ ಕೈಲಾಗುವ ಕೆಲಸ.

ವಿರೋಧ: ಮಲೆನಾಡಿನ ಮಳೆಗಾಲಕ್ಕೆ ಒಂದೇ ದಾರಿ ಸಾಲದು

ಸರ್ಕಾರಿ ಕೆಲಸಗಳಿಗೆಲ್ಲ ಒಂದು ಲಾಗಿನ್ ಇರಲಿ ಎಂದರೆ ನನ್ನ ತಕರಾರು ದೊಡ್ಡದಲ್ಲ. ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಇಲ್ಲಿರುವ ಪ್ರಶ್ನೆ ಎಲ್ಲ ವೆಬ್‌ಸೈಟುಗಳದು: ಬ್ಯಾಂಕು, ಅಂಗಡಿ, ಆಸ್ಪತ್ರೆ, ಪತ್ರಿಕೆ, ಮದುವೆ ತಾಣ, ಎಲ್ಲವೂ. ಅದಕ್ಕೆ ಬೇಡ ಎನ್ನಲು ಕಾರಣಗಳಿವೆ.

ಟೋಕನ್ ಸುರಕ್ಷಿತ ಎನ್ನುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಿಂದ ಕಳುವಾದದ್ದು ಟೋಕನ್‌ಗಳೇ, ಸುಮಾರು 3 ಕೋಟಿ ಖಾತೆಗಳವು. ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. 2020ರ ಡಿಸೆಂಬರ್ 14ರ ಸಂಜೆ ಗೂಗಲ್‌ನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆಗೆ ಮೀಸಲಿಟ್ಟ ಸಂಗ್ರಹದ ಮಿತಿ ತಪ್ಪಾಗಿ ಇಳಿದು, ಮುಕ್ಕಾಲು ಗಂಟೆ ಜಿಮೇಲ್, ಯೂಟ್ಯೂಬ್ ಎಲ್ಲ ಒಟ್ಟಿಗೇ ನಿಂತವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ನಿಂತಾಗ ಅದರ ಬಟನ್ ಒತ್ತಿ ಬೇರೆ ಸೈಟುಗಳಿಗೆ ಹೋಗುತ್ತಿದ್ದವರೂ ಹೊರಗುಳಿದರು.

ಅದಕ್ಕಿಂತ ನಮ್ಮ ಜಿಲ್ಲೆಗಳ ಕಷ್ಟ ಬೇರೆ. ಕಳಸ, ಶೃಂಗೇರಿ, ಸಕಲೇಶಪುರದ ಘಟ್ಟದಂಚಿನಲ್ಲಿ ಆಷಾಢದ ಮಳೆಗೆ ಕರೆಂಟ್ ಹೋದರೆ ಎರಡು ದಿನ ಬರದಿರುವುದು ಉಂಟು. ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. ಓಟಿಪಿ ಬರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ತೋಟದಲ್ಲಿ ಫೋನ್ ಬಿದ್ದು ಹೋಗಿ ಹೊಸ ಸಿಮ್ ತೆಗೆದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರದಂತೆ ತಡೆ ಇದೆ. ಕಳ್ಳರನ್ನು ತಡೆಯಲೆಂದೇ ಮಾಡಿದ ಒಳ್ಳೆಯ ನಿಯಮ ಅದು. ಆದರೆ ಅರ್ಜಿಯ ಕೊನೆಯ ದಿನವೂ ಅದೇ ಆಗಿದ್ದರೆ? ಖಾತೆಗಳು ಬೇರೆ ಬೇರೆ ಇದ್ದರೆ ಇಮೇಲ್‌ನಿಂದ ಬಾಗಿಲು ತೆರೆಯುವಂಥ ಒಂದೆರಡಾದರೂ ಉಳಿದಿರುತ್ತವೆ.

ನಂಬರ್ ಕೈಬದಲಾಗುವುದೂ ಇದೆ. ರೀಚಾರ್ಜ್ ಮಾಡದೆ ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. ಆ ನಂಬರಿನ ಓಟಿಪಿ ಮುಂದೆ ಹೋಗುವುದು ಹೊಸಬರ ಫೋನಿಗೆ. ಒಂದೇ ಲಾಗಿನ್ ಆಗಿದ್ದರೆ ಆ ಒಂದು ಓಟಿಪಿಗೆ ಇಡೀ ಬದುಕೇ ತೆರೆದುಕೊಳ್ಳಬಹುದು.

ಇನ್ನೊಂದು, ಗುಟ್ಟು. ಗುರುತು ಪರೀಕ್ಷಿಸುವ ಸಂಸ್ಥೆಗೆ ನೀವು ಯಾವ ಸೈಟಿಗೆ ಎಷ್ಟು ಹೊತ್ತಿಗೆ ಹೋದಿರಿ ಎಂಬುದು ತಿಳಿಯುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಮಾನವಾಯಿತು. ಮರುವರ್ಷ ಅದೇ ಪ್ರಕರಣದಲ್ಲಿ, ಖಾಸಗಿ ಕಂಪನಿಗಳಿಗೆ ಆಧಾರ್ ಬಳಸಲು ದಾರಿ ಮಾಡಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗ ರದ್ದಾಯಿತು. ಎಲ್ಲೆಡೆಗೂ ಒಂದೇ ಗುರುತು ಎನ್ನುವವರು ಆ ತೀರ್ಪನ್ನು ಓದಿ ಮಾತಾಡಲಿ.

ಸೈಬರ್‌ನ ನೋಟ್‌ಬುಕ್ ತರಬೇತಿಯ ಕೊರತೆ, ಅದನ್ನು ಲಾಗಿನ್ನಿನ ತಲೆಗೆ ಕಟ್ಟಬೇಕಿಲ್ಲ. ಕೀಲಿ ಮೂರು ಗುಂಪಾಗಲಿ: ಸರ್ಕಾರದ್ದೊಂದು, ಹಣದ್ದೊಂದು, ಉಳಿದದ್ದೊಂದು. ನೆನಪಿಗೆ ಕಷ್ಟವಾದರೆ ಎಲ್ಲ ಪಾಸ್‌ವರ್ಡನ್ನೂ ಬೀಗ ಹಾಕಿ ಇಟ್ಟುಕೊಳ್ಳುವ ಆ್ಯಪ್, ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದರ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಸಾಕು: ಹಲಸು, ಏಣಿ, ಸೋಮವಾರ, ಕಂಬಳಿ ಎಂಬಂತೆ, ಇಂಗ್ಲಿಷ್ ಅಕ್ಷರದಲ್ಲಿ. ಇದೇ ನಾಲ್ಕನ್ನು ಮಾತ್ರ ಇಡಬೇಡಿ.

ಮನೆಯ ಯಜಮಾನರು ತೀರಿಕೊಂಡಾಗಿನ ವಿಷಯ ಯಾರೂ ಎತ್ತುವುದಿಲ್ಲ. ಜಮೀನಿಗೆ ಪೌತಿ ಖಾತೆ ಇದೆ: ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ದಾರಿ ತಿಳಿದದ್ದೇ. ಲಾಗಿನ್‌ಗೆ ಅಷ್ಟು ನೇರವಾದ ದಾರಿ ಇಲ್ಲ. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಗೆಂದು ಒಂದು ವ್ಯವಸ್ಥೆ ಇದ್ದರೂ ಮುಂದೆ ಯಾರಿಗೆ ಎಂದು ಬದುಕಿದ್ದಾಗಲೇ ಹೆಸರು ಕೊಟ್ಟಿರಬೇಕು. ಆದ್ದರಿಂದ ಅವರ ಸಿಮ್ಮನ್ನು ತಕ್ಷಣ ನಿಲ್ಲಿಸಬೇಡಿ. ಬ್ಯಾಂಕಿಗೆ ಮೊದಲು ತಿಳಿಸಿ. ಗ್ಯಾಸ್, ಕರೆಂಟಿಗೆ ಹಾಸನದವರಾದರೆ ಸೆಸ್ಕ್, ಚಿಕ್ಕಮಗಳೂರಿನವರಾದರೆ ಮೆಸ್ಕಾಂ, ಹೀಗೆ ಒಂದೊಂದರಲ್ಲೂ ಹೆಸರು, ನಂಬರ್ ಬದಲಾಯಿಸಿಕೊಂಡು ಬನ್ನಿ. ಕೊನೆಯದೂ ಬದಲಾದ ಮೇಲೆ ಸಿಮ್ ನಿಲ್ಲಿಸಿ.