ಮೊದಲ ಕ್ಯಾಮೆರಾ ಕೊಳ್ಳುವ ಮಕ್ಕಳನ್ನು ಹೆದರಿಸಬೇಡಿ

ನಿನ್ನೆ ಮುಂಬೈ ಫೋರ್ಟ್‌ನ ಒಂದು ಕ್ಯಾಮೆರಾ ಅಂಗಡಿಗೆ ಹೋಗಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಡೊಂಬಿವಲಿ ಬಿಲ್ಡಿಂಗಿನ ಹುಡುಗಿ, ಮಾಸ್ ಮೀಡಿಯಾ ಓದುತ್ತಿರುವವಳು, ಅಪ್ಪನ ಜೊತೆ ಮೊದಲ ಡಿಎಸ್‌ಎಲ್‌ಆರ್ ನೋಡಲು ಹೊರಟಿದ್ದಳು, ನನ್ನನ್ನೂ ಕರೆದಳು. ಕೌಂಟರಿನಲ್ಲಿದ್ದವನು ಅವಳು ಏನು ಫೋಟೊ ತೆಗೆಯುತ್ತಾಳೆ ಅಂತ ಒಂದು ಮಾತೂ ಕೇಳಲಿಲ್ಲ. ಬಾಡಿ ಮಾತ್ರ ತಗೊಳ್ಳಿ, ಜೊತೆಗೆ 50 ಎಂಎಂ ಹಾಕಿಕೊಡ್ತೀನಿ, 18-55 ಬರೀ ಪ್ಲಾಸ್ಟಿಕ್ಕು ಅಂದುಬಿಟ್ಟ. (ಬಾಡಿ ಅಂದರೆ ಲೆನ್ಸಿಲ್ಲದ ಕ್ಯಾಮೆರಾ. 50 ಜೂಮ್ ಇಲ್ಲದ ಲೆನ್ಸ್. 18-55 ಕ್ಯಾಮೆರಾ ಜೊತೆ ಸೆಟ್ಟಿನಲ್ಲಿ ಬರುವ ಜೂಮ್, ಅದೇ ಕಿಟ್ ಲೆನ್ಸ್. ಅಂಕಿ ಚಿಕ್ಕದಾದಷ್ಟು ಅಗಲವಾಗಿ ಕಾಣುತ್ತದೆ.) ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಅದಕ್ಕೆ ತಲೆಯಾಡಿಸಿದ. ಹುಡುಗಿ ಮೆಲ್ಲಗೆ "ಮಾವ, ಕಿಟ್ ಲೆನ್ಸ್ ತಗೊಂಡ್ರೆ ಕ್ಲಾಸಲ್ಲಿ ನಗ್ತಾರಾ?" ಅಂತ ಕೇಳಿದಳು.

ಫೋಟೊ ತೆಗೆಯಲು ಶುರುಮಾಡುವ ಮೊದಲೇ ಆ ಮಗುವಿಗೆ ನಾಚಿಕೆ ಕಲಿಸಿದಿರಲ್ಲ!

ಅವಳ ಪ್ರಾಜೆಕ್ಟು ಲಾಲ್‌ಬಾಗ್-ಪರೇಲಿನ ಗಣಪತಿ ಮೂರ್ತಿ ಮಾಡುವ ಶೆಡ್ಡುಗಳ ಮೇಲೆ. ಒಳಗೆ ಹೋದವರಿಗೆ ಗೊತ್ತು, ಮೂರ್ತಿಗಳ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ಅವಳು ನೋಡಿದ ಕ್ಯಾಮೆರಾದಲ್ಲಿರುವುದು ಎಪಿಎಸ್-ಸಿ ಸೆನ್ಸರ್, ಅಂದರೆ ಹಳೇ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಅದರ ಮೇಲೆ 50 ಹಾಕಿ 3 ಮೀಟರ್ ದೂರದಲ್ಲಿ ನಿಂತರೆ ಫ್ರೇಮಿಗೆ ಸಿಗುವುದು ಹೆಚ್ಚುಕಮ್ಮಿ 1.4 ಮೀಟರ್ ಅಗಲ. ಅಲ್ಲೇ ನಿಂತು ಕಿಟ್ ಲೆನ್ಸನ್ನು 18ಕ್ಕೆ ತಿರುಗಿಸಿದರೆ ಸುಮಾರು 3.8 ಮೀಟರ್. ಮೂರ್ತಿ, ಅದರ ಕಣ್ಣು ಬರೆಯುವ ಕಲಾವಿದ, ಅವನು ಹತ್ತಿ ನಿಂತ ಏಣಿ, ಎಲ್ಲ ಬರುತ್ತದೆ. 50ರಲ್ಲಿ ಗಣಪನ ಸೊಂಡಿಲು ಬಂದರೆ ಕಲಾವಿದ ಹೊರಗೆ.

ಇದಕ್ಕೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ, ಕಾಲಿನಿಂದ ಜೂಮ್ ಮಾಡಲು ಕಲಿಯಲಿ ಅಂತ. ಎಲ್ಲಿಗೆ ಹಿಂದೆ ಸರಿಯುತ್ತಾಳೆ? ಗೋಡೆಯೊಳಗೆ? ಸಂಜೆ ಸಿಎಸ್‌ಎಂಟಿ ಸ್ಟೇಷನ್ ಮುಂದಿನ ರಸ್ತೆಯಲ್ಲಿ ಮೂರು ಹೆಜ್ಜೆ ಹಿಂದಕ್ಕೆ ನಡೆದು ನೋಡಿ.

ಇನ್ನು ಹಳಬರ ಮಾತು: "ನಾವೆಲ್ಲ 50ರಲ್ಲೇ ಕಲಿತವರು." ಕಲಿತಿರಿ ಸಾರ್, ಒಪ್ಪಿದೆ. ಆದರೆ ನೀವು ಕಲಿತದ್ದು 36 ಗುಣಿಸು 24 ಮಿಲಿಮೀಟರ್ ಫಿಲ್ಮಿನ ಮೇಲೆ. ಎಪಿಎಸ್-ಸಿ ಮೇಲೆ ಅದೇ 50 ಎಂಎಂ ನಿಮ್ಮ ಕಾಲದ 75 ಅಥವಾ 80ರಷ್ಟು ಇಕ್ಕಟ್ಟಾಗಿ ನೋಡುತ್ತದೆ. ನಿಮ್ಮ 50 ಕಂಡಷ್ಟನ್ನು ಇವಳು ಕಾಣಬೇಕಾದರೆ 33ರ ಆಸುಪಾಸಿಗೆ ಬರಬೇಕು, ಅದು ಆ 18-55ರ ಒಳಗೇ ಇದೆ! ಈ ಲೆಕ್ಕವನ್ನು ಹೇಳದೆ ಹೊಸಬರಿಗೆ ಉಪದೇಶ ಮಾಡುವುದು ನನಗೆ ಸಹಿಸಲಾಗದ ವಿಷಯ.

ಕಡಿಮೆ ಬೆಳಕಿನಲ್ಲಿ ಕಿಟ್ ಲೆನ್ಸಿಗೆ ಕಷ್ಟ ಅನ್ನುವ ಮಾತು ನಿಜ. ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು. 55ರಲ್ಲಿ ಕಿಟ್ ಲೆನ್ಸು ಎಫ್ 5.6ಕ್ಕಿಂತ ತೆರೆದುಕೊಳ್ಳುವುದಿಲ್ಲ, 50ರ ಎಫ್ 1.8 ಅದರ ಸುಮಾರು ಹತ್ತರಷ್ಟು ಬೆಳಕು ತರುತ್ತದೆ. ಲೆನ್ಸಿನೊಳಗಿನ ಸ್ಟೆಬಿಲೈಸರ್ ನಮ್ಮ ಕೈ ನಡುಗುವುದನ್ನು ತಡೆದೀತು, ರಂಗದ ಮೇಲೆ ಗಿರ್ರನೆ ಧಿಗಿಣ ಹೊಡೆಯುವ ವೇಷವನ್ನು ನಿಲ್ಲಿಸಲಾರದು. ನಮ್ಮ ಸಂಘದ ಯಕ್ಷಗಾನಕ್ಕೆ ನಾನೇ 50 ಒಯ್ಯುತ್ತೇನೆ. ಆದರೆ ಅದೇ ಸಂಘದ ಸ್ಮರಣ ಸಂಚಿಕೆಯಲ್ಲಿ ನೀವೆಲ್ಲ ಮೆಚ್ಚಿದ ಚೌಕಿಯ (ವೇಷ ಕಟ್ಟುವ ಕೋಣೆಯ) ಫೋಟೊಗಳು, ಬಣ್ಣ ಹಚ್ಚಿಕೊಳ್ಳುವುದು, ಕಿರೀಟ ಕಟ್ಟಿಸಿಕೊಳ್ಳುವುದು, ಅವು ಪೂರ್ತಿ 18-55ರವು. ಹಗಲಲ್ಲಿ ಎಫ್ 8ಕ್ಕೆ ಇಟ್ಟು ತೆಗೆದರೆ ಅದು ಕೊಡುವ ಸ್ಪಷ್ಟತೆ ಇಷ್ಟು ಅಗ್ಗದ ಲೆನ್ಸಿಗೆ ಹೆಮ್ಮೆಯ ವಿಷಯ.

ಇಲ್ಲಿಯವರೆಗೆ ಬರೆಯದ ಒಂದು ಮಾತು. ಅಮ್ಮನ ಫೋಟೊಗಳಲ್ಲಿ ನನಗೆ ತುಂಬಾ ಬೇಕಾದದ್ದು ನಮ್ಮ ಹಳೇ ಮನೆಯ ಅಡುಗೆಮನೆಯಲ್ಲಿ ತೆಗೆದದ್ದು. ಇಬ್ಬರು ಒಟ್ಟಿಗೆ ನಿಲ್ಲಲಾಗದ ಜಾಗ. ಬಾಗಿಲಿಗೆ ಬೆನ್ನು ಕೊಟ್ಟು 18ರಲ್ಲಿ ತೆಗೆದೆ. ಅವಳು, ಒಲೆ, ಕಾವಲಿ ಮೇಲಿನ ನೀರುದೋಸೆ, ಕಿಟಕಿಯಾಚೆ ಪಕ್ಕದವರ ಒಣಗಲು ಹಾಕಿದ ಬಟ್ಟೆ. ಆ ದಿನ ನನ್ನ ಹತ್ತಿರ 50 ಮಾತ್ರ ಇದ್ದಿದ್ದರೆ ಮುಖವೊಂದೇ ಉಳಿಯುತ್ತಿತ್ತು. ಅಮ್ಮ ಈಗಿಲ್ಲ, ಆ ಅಡುಗೆಮನೆಯೂ ಇಲ್ಲ, ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು.

ಈಗಾಗಲೇ ಅದೇ ಮೌಂಟಿನ, ಅಂದರೆ ಆ ಬಾಡಿಗೆ ಕೂರುವ, ಒಳ್ಳೆಯ ಜೂಮ್ ಇದ್ದವರು ಬಾಡಿ ಮಾತ್ರ ಕೊಳ್ಳಲಿ, ನನ್ನ ತಕರಾರಿಲ್ಲ. ಮೊದಲ ಸಲ ಕೊಳ್ಳುವವರು ಕಿಟ್ಟೇ ತಗೊಳ್ಳಿ. ಸೆಟ್ಟಿನಲ್ಲಿ ಆ ಲೆನ್ಸಿಗೆ ಬೀಳುವ ಬೆಲೆ ಕಡಿಮೆ, ಆಮೇಲೆ ಬಿಡಿಯಾಗಿ ಕೊಳ್ಳಲು ಹೋದರೆ ಜಾಸ್ತಿ. ಆರು ತಿಂಗಳು ತೆಗೆಯಿರಿ. ನಿಮ್ಮ ಫೋಟೊಗಳ ಫೋಕಲ್ ಲೆಂತ್ (18, 33, 55 ಅನ್ನುವ ಆ ಅಂಕಿ) ಕಂಪ್ಯೂಟರಿನಲ್ಲಿ ಕಾಣುತ್ತದೆ, ಮುಂದಿನ ಲೆನ್ಸ್ ಯಾವುದು ಅಂತ ಅದನ್ನು ನೋಡಿ ನಿರ್ಧರಿಸಿ. ಹೆಚ್ಚಿನವು 18ರಲ್ಲೇ ಇದ್ದರೆ 50ಕ್ಕೆ ದುಡ್ಡು ಹಾಕಬೇಡಿ.

ಮತ್ತೆ, ಡಬ್ಬದ ಸೀಲ್ ನಿಮ್ಮ ಕಣ್ಣೆದುರೇ ಒಡೆಸಿ. ಕಿಟ್ ಒಡೆದು ಲೆನ್ಸನ್ನು ಬೇರೆ ಮಾರುವ ಅಂಗಡಿಗಳಿವೆ. ಡಬ್ಬದ ಮೇಲೆ ಕಿಟ್ ಅಂತ ಇದ್ದು ಒಳಗೆ ಬಾಡಿಯೊಂದೇ ಇದ್ದರೆ ಅಲ್ಲೇ ಕೇಳಿ. ಬಿಲ್ಲಿನಲ್ಲಿ ಬಾಡಿಯ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ಕೌಂಟರ್ ಬಿಡಬೇಡಿ.