ಸತ್ಯಾಂಶ: ಗ್ಲೌಸ್ ನೆಲಕ್ಕೆ ತಾಗಿದರೆ ಕ್ಯಾಚ್ ಅಲ್ಲವೇ?

ಬೇಸ್‌ಬಾಲ್ ಆಟಗಾರನೊಬ್ಬ ಮುಂದಕ್ಕೆ ಹಾರಿ ಚೆಂಡು ಹಿಡಿಯುವ ನಿಧಾನಗತಿಯ ವಿಡಿಯೊಗಳು ಆಗಾಗ ಮೊಬೈಲ್‌ಗೆ ಬರುತ್ತವೆ. ‘ಗ್ಲೌಸ್ ನೆಲ ಮುಟ್ಟಿದೆ, ಅಂಪೈರ್ ತಪ್ಪು ಮಾಡಿದ್ದಾರೆ’ ಎಂಬುದು ಜೊತೆಗಿನ ಮಾತಿನ ಸಾರ. ಇದು ಸರಿಯಲ್ಲ.

ನಿಯಮ ನೋಡುವುದು ಚೆಂಡನ್ನು. ಅದು ನೆಲ ಮುಟ್ಟುವ ಮೊದಲೇ ಕೈ ಅಥವಾ ಗ್ಲೌಸ್‌ನಲ್ಲಿ ಭದ್ರವಾಗಿ ಸಿಕ್ಕಿರಬೇಕು. ಪೂರ್ತಿ ಹಿಡಿತ ಸಾಬೀತಾಗುವಷ್ಟು ಹೊತ್ತು ಅಲ್ಲಿರಬೇಕು. ಚೆಂಡಿನ ಕೆಳಗೆ ಗ್ಲೌಸ್ ಇದ್ದು, ಅದರ ಅಂಚು ಹುಲ್ಲನ್ನು ಸವರಿದರೂ ಬ್ಯಾಟರ್ ಔಟ್. ಚೆಂಡು ನೆಲಕ್ಕೆ ಬಡಿದು ಪುಟಿದ ಕ್ಷಣದಲ್ಲೇ ಗ್ಲೌಸ್ ಅದನ್ನು ಅದುಮಿದ್ದರೆ ಅದು ‘ಟ್ರ್ಯಾಪ್’; ಔಟ್ ಅಲ್ಲ. ಬರಿಗಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಗೊಂದಲ ಸಹಜವೇ. ಅದಕ್ಕೇ ಅಂಪೈರ್ ಓಡಿ ಬಂದರೂ ಚೆಂಡು ಬೀಳುವ ಹೊತ್ತಿಗೆ ನಿಂತು, ಗ್ಲೌಸ್ ಮತ್ತು ನೆಲದ ನಡುವಿನ ಸಂದು ಕಾಣುವ ಕೋನ ಹುಡುಕುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಕೋನವೇ ತೀರ್ಪಿನ ಜೀವಾಳ.

ನೀವೇ ಪರಿಶೀಲಿಸಬಹುದು. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ನಿಯಮ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿದೆ. ಕೊನೆಯ ಭಾಗದಲ್ಲಿ ‘ಕ್ಯಾಚ್’ ವ್ಯಾಖ್ಯಾನವಿದೆ. ವಿಡಿಯೊ ಒಂದೇ ಕೋನದ್ದಾದರೆ ಇನ್ನೊಂದನ್ನು ಹುಡುಕಿ. ದೂರದ ಕ್ಯಾಮೆರಾದ ಮಸೂರ ಆಳವನ್ನು ಚಪ್ಪಟೆಯಾಗಿಸಿ, ಚೆಂಡು ನೆಲಕ್ಕೆ ತಾಗಿದಂತೆ ತೋರಿಸಬಲ್ಲದು. ತುಣುಕು ಎಲ್ಲಿ ಕತ್ತರಿಸಿದೆ ಎಂಬುದನ್ನೂ ಗಮನಿಸಿ: ಮರುಪರಿಶೀಲನೆ ಅದರ ನಂತರ ನಡೆದಿರಬಹುದು. ಮೇಜರ್ ಲೀಗ್‌ನಲ್ಲಿ 2014ರಿಂದ ಹೊರಮೈದಾನದ (ಬ್ಯಾಟರ್‌ನಿಂದ ದೂರದ ಭಾಗದ) ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ಬದಲಿಸಲು ಅವಕಾಶವಿದೆ.

ಕ್ರಿಕೆಟ್‌ನ 33ನೇ ನಿಯಮವೂ ಹೀಗೇ ಹೇಳುತ್ತದೆ: ಚೆಂಡು ಹಿಡಿದ ಕೈ ನೆಲಕ್ಕೆ ತಾಗಿದ್ದರೂ ಕ್ಯಾಚ್ ಸಿಂಧು.