ಯಾವ ಮಾಸ್ಕ್ ಕೊಡ್ತಾರೆ ಅಂತಲೂ ನೋಡಿ

‘ಮಾಸ್ಕ್ ಕೊಟ್ಟರೂ ಕಾರ್ಮಿಕರು ಹಾಕಿಕೊಳ್ಳುವುದಿಲ್ಲ’ ಎಂದು ಕಾರ್ಖಾನೆ ದೂಳಿನ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕೊಪ್ಪಳದ ಕಡೆ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಾಯಿಸಿ ತೆಗೆಯುವ ಕಬ್ಬಿಣ) ಘಟಕವೊಂದರಲ್ಲಿ ದುಡಿದವನು ನಾನು. ನಮಗೆ ಸಿಗುತ್ತಿದ್ದದ್ದು ತೆಳು ಬಟ್ಟೆಯ ಮಾಸ್ಕ್. ಶಿಫ್ಟ್ ಮುಗಿಸಿ ಬಿಚ್ಚಿದರೆ ಮೂಗಿನ ಎರಡೂ ಬದಿಗೆ ಕಪ್ಪು ಗೆರೆ ಬಿದ್ದಿರುತ್ತಿತ್ತು. ಅಂದರೆ ದೂಳು ಅಂಚಿನ ಸಂದಿಯಿಂದ ನೇರ ಒಳಗೆ ಹೋಗಿದೆ ಅಂತಲೇ ಅರ್ಥ. ಎನ್95 ಕೊಟ್ಟರೂ ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ. ಯಾರ ಮುಖಕ್ಕೆ ಯಾವ ಅಳತೆ ಎಂದು ಪರೀಕ್ಷಿಸಿ ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಬೇಸಿಗೆಯಲ್ಲಿ ಅದಿರು ಕಾಯಿಸುವ ಕುಲುಮೆಯ (ಕಿಲ್ನ್) ಪಕ್ಕ ನಿಂತವನಿಗೆ ಮಾಸ್ಕ್‌ನೊಳಗೆ ಉಸಿರಾಡುವುದೇ ಕಷ್ಟ, ಆಗಾಗ ಬಿಡುವು ಬೇಕೇ ಬೇಕು. ಟಾರ್ಗೆಟ್ ಇರುವಾಗ ಬಿಡುವು ಕೊಡುವವರು ಯಾರು?

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಓದಿ. ದೂಳು ಏಳುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಹೀರಿಕೊಳ್ಳುವ ವ್ಯವಸ್ಥೆ ಇರಬೇಕು ಎಂದು ಬರೆದದ್ದು ಅಲ್ಲಿ. ಮಾಸ್ಕ್ ಕೊನೆಯ ರಕ್ಷಣೆ. ಸಂಡೂರಿನ ಅದಿರಿಗಾಗಲಿ ಹಟ್ಟಿಯ ಚಿನ್ನದ ಗಣಿಗಾಗಲಿ ಲೆಕ್ಕ ಒಂದೇ, ಮೊದಲು ನೀರು ಹಾಕಿ ದೂಳು ಅಡಗಿಸಬೇಕು. ಕಲ್ಲು-ಅದಿರಿನ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಬಂತೆಂದರೆ ವಾಸಿಮಾಡುವ ಔಷಧವಿಲ್ಲ. ಗುತ್ತಿಗೆ ಕಾರ್ಮಿಕರಿಗೂ ತಪ್ಪದೆ ಎಕ್ಸ್‌ರೇ, ಉಸಿರಾಟದ ಪರೀಕ್ಷೆ ಮಾಡಿಸಿ ವರದಿಯನ್ನು ಅವರ ಕೈಗೇ ಕೊಡಬೇಕು. ಮುಂದಿನ ಸಲ ಕಾರ್ಖಾನೆಯವರನ್ನು ದಯವಿಟ್ಟು ಇದನ್ನೇ ಕೇಳಿ.